ಕೆಂಪು ನೆಲ, ನೀಲಿ ಅಂಗಡಿ: ಪೀಣ್ಯದ ಮನೆಗಳ ಒಳಗಿನ ಇತಿಹಾಸ

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗ್ರೀನ್ ಲೈನ್ ಮೆಟ್ರೋದಲ್ಲಿ ನಿಂತಿರೋರಿಗೆ ಇವತ್ತು ಸ್ಪೆಷಲ್ ನಮಸ್ಕಾರ. ಯಾಕಂದ್ರೆ ಇವತ್ತಿನ ಕಥೆ ನಿಮ್ಮ ಕಿಟಕಿ ಆಚೆನೇ ಇದೆ. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ, ನಾಗಸಂದ್ರ.

ವಿಷಯ ಏನಪ್ಪಾ ಅಂದ್ರೆ, ಮನೆ. ಮನೆ ಕಟ್ಟೋದಲ್ಲ, ಮನೆ ಒಳಗೆ ಹೇಗಿರಬೇಕು ಅನ್ನೋದು. ನೆಲ, ಗೋಡೆ, ಅಡುಗೆ ಕಟ್ಟೆ, ಶೋಕೇಸು. ಕಳೆದ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಇದೇ ಜಗಳ. ನಮ್ಮದು ದಾಸರಹಳ್ಳಿ ಕಡೆಯ ಹಳೆ ಮನೆ, 1981ರಲ್ಲಿ ತಾತ ಕಟ್ಟಿಸಿದ್ದು. ಹಾಲು, ರೂಮು, ಅಡುಗೆಮನೆ ಎಲ್ಲಾ ಕಡೆ ರೆಡ್ ಆಕ್ಸೈಡ್ ನೆಲ. ಅಮ್ಮನಿಗೆ ಅದನ್ನ ಮುಚ್ಚಿ ಟೈಲ್ಸ್ ಹಾಕಿಸಬೇಕು. ನಾನು ಬೇಡ ಅಂತೀನಿ. ಯಾಕೆ ಬೇಡ? ನಿಜ ಹೇಳ್ತೀನಿ, ಫೋನ್ ನೋಡಿ. ಇನ್‌ಸ್ಟಾಗ್ರಾಮ್‌ನಲ್ಲಿ, ಪಿಂಟರೆಸ್ಟ್‌ನಲ್ಲಿ ಇಂಟೀರಿಯರ್ ಅಂತ ಹುಡುಕಿದ್ರೆ ಸಾಕು, ಕೆಂಪು ನೆಲ, ಮರದ ಕಂಬ, ಮೂಲೆಯಲ್ಲಿ ಒಂದು ಹಿತ್ತಾಳೆ ಉರುಳಿ, ಅದರಲ್ಲಿ ತೇಲೋ ಹೂವು. ಅದನ್ನ ನೋಡಿ ನೋಡಿ ನನಗೆ, ಅಯ್ಯೋ ಇದು ನಮ್ಮ ಮನೆಯಲ್ಲೇ ಇದೆಯಲ್ಲ ಅನ್ನಿಸ್ತು. ಉರುಳಿ ಇಲ್ಲ, ಅದು ಬಿಡಿ.

ಜಗಳ ಗೆಲ್ಲೋಕೆ ಅಂತ ಓದೋಕೆ ಕೂತೆ. ಓದ್ತಾ ಓದ್ತಾ ಎಪಿಸೋಡೇ ಆಗಿಹೋಯ್ತು.

1953ರಿಂದ ಶುರು ಮಾಡೋಣ. ಆ ವರ್ಷ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಿಷಯ ನಡೆದವು. ಒಂದು, ಹಿಂದೂಸ್ತಾನ್ ಮಷಿನ್ ಟೂಲ್ಸ್, ನಮ್ಮ ಎಚ್‌ಎಂಟಿ, ಸ್ಥಾಪನೆಯಾಯ್ತು. ಜಾಗ ನಮ್ಮ ಜಾಲಹಳ್ಳಿ. ಇನ್ನೊಂದು, ಸ್ವೀಡನ್ ದೇಶದ ಎಲ್ಮ್‌ಹುಲ್ಟ್ ಅನ್ನೋ ಸಣ್ಣ ಊರಲ್ಲಿ ಇಂಗ್ವಾರ್ ಕಾಂಪ್ರಾಡ್ ಅನ್ನೋ ವ್ಯಾಪಾರಿ ಪೀಠೋಪಕರಣದ ಶೋರೂಮ್ ತೆರೆದ. ಹತ್ತು ವರ್ಷ ಹಿಂದೆ, 1943ರಲ್ಲಿ, ಹದಿನೇಳನೇ ವಯಸ್ಸಿಗೇ ಕಂಪನಿ ಶುರು ಮಾಡಿದ್ದ. ಹೆಸರು ನಿಮಗೆ ಗೊತ್ತು, ಐಕಿಯಾ.

ಶೋರೂಮ್ ಯಾಕೆ ಬೇಕಾಯ್ತು ಅನ್ನೋದು ಸ್ವಲ್ಪ ಕೇಳಿ, ನಾನು ಬಿಕಾಂ ಓದಿದವರು, ಇಂಥದ್ದು ಬಿಡಲ್ಲ. ಆಗ ಅವನದ್ದು ಅಂಚೆ ವ್ಯಾಪಾರ. ಕ್ಯಾಟಲಾಗ್ ನೋಡಿ ಪತ್ರ ಬರೆದ್ರೆ ಸಾಮಾನು ಬರತ್ತೆ. ಎದುರಾಳಿ ಬೆಲೆ ಇಳಿಸಿದ, ಇವನೂ ಇಳಿಸಿದ, ಇಳಿಸ್ತಾ ಇಳಿಸ್ತಾ ಗುಣಮಟ್ಟವೂ ಇಳೀತು, ಗಿರಾಕಿಗಳ ನಂಬಿಕೆ ಹೋಗೋಕೆ ಶುರುವಾಯ್ತು. ಆಗ ಹೊಳೆದ ಉಪಾಯ: ಬನ್ನಿ, ಕೈಯಿಂದ ಮುಟ್ಟಿ ನೋಡಿ, ಆಮೇಲೆ ತಗೊಳ್ಳಿ. 1956ರ ಹೊತ್ತಿಗೆ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬದಲ್ಲಿ ಮಾರೋದೂ ಬಂತು. ಅದೇ ಅಂಗಡಿ 2022ರ ಜೂನ್ 22ಕ್ಕೆ ನಾಗಸಂದ್ರ ಮೆಟ್ರೋ ಪಕ್ಕಕ್ಕೆ ಬಂದು ಕೂತಿದೆ. 4.6 ಲಕ್ಷ ಚದರ ಅಡಿ. ಮೊದಲ ವೀಕೆಂಡ್ ಎಷ್ಟು ಜನ ಅಂದ್ರೆ, ಒಳಗೆ ಬರೋಕೆ ಮೂರು ಗಂಟೆ ಕಾಯಬೇಕು ಅಂತ ಕಂಪನಿಯೇ ಟ್ವೀಟ್ ಮಾಡ್ತು.

ಅಲ್ಲಿಗೆ ಆಮೇಲೆ ಹೋಗೋಣ. ಈಗ ಜಾಲಹಳ್ಳಿಗೆ ವಾಪಸ್.

ಎಚ್‌ಎಂಟಿ ಬಂತು, ಮರುವರ್ಷ 1954ರಲ್ಲಿ ಬಿಇಎಲ್ ಬಂತು. ದೊಡ್ಡ ಕಾರ್ಖಾನೆ ಅಂದ್ಮೇಲೆ ಅದಕ್ಕೆ ಸಣ್ಣ ಸಣ್ಣ ಬಿಡಿಭಾಗ ಮಾಡಿಕೊಡೋರು ಬೇಕು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದು ನಿಂತಿದ್ದರ ಹಿಂದೆ ಇದೂ ಒಂದು ಕಾರಣ. ಶೆಡ್ಡುಗಳು, ಲೇತ್ ಮಷಿನ್ನುಗಳು, ಫೌಂಡ್ರಿ, ಆಮೇಲೆ ಗಾರ್ಮೆಂಟ್ಸ್. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಜನ ಬಂದ್ರು. ಮೊದಲು ಶೀಟ್ ಮನೆ, ವಠಾರ. ಸ್ವಲ್ಪ ದುಡ್ಡು ಕೂಡಿದ ಮೇಲೆ ಮೂವತ್ತು-ನಲವತ್ತು ಸೈಟು. ನಮ್ಮ ತಾತನೂ ಆ ಗುಂಪಿನವರೇ.

ಈ ಮನೆಗಳ ನೆಲ ಕೆಂಪಗಿದ್ದಿದ್ದು ಯಾಕೆ? ನಾನು ಅಂದುಕೊಂಡಿದ್ದು, ಸಂಪ್ರದಾಯ, ಮಣ್ಣಿನ ಬಣ್ಣ, ನಮ್ಮ ಹಿರಿಯರ ಸೌಂದರ್ಯಪ್ರಜ್ಞೆ ಇತ್ಯಾದಿ. ಅಜ್ಜಿಯನ್ನ ಕೇಳಿದೆ. ಅಜ್ಜಿ ಒಂದೇ ಮಾತು ಹೇಳಿದ್ರು: "ಸಿಮೆಂಟ್ ಸಿಗ್ತಿರಲಿಲ್ಲ ಕಣೋ."

ಇದು ನಮ್ಮ ತಲೆಮಾರಿಗೆ ಗೊತ್ತೇ ಇಲ್ಲದ ಕಥೆ. ಈಗ ಸಿಮೆಂಟ್ ಬೇಕಂದ್ರೆ ಅಂಗಡಿಗೆ ಒಂದು ಫೋನ್ ಮಾಡ್ತೀವಿ, ಸಂಜೆ ಒಳಗೆ ಬರತ್ತೆ. ಆಗ ಸಿಮೆಂಟ್ ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿ. ಪರ್ಮಿಟ್ ಬೇಕು. ಅರ್ಜಿ ಹಾಕಬೇಕು, ಕಾಯಬೇಕು, ಇಷ್ಟು ಮೂಟೆ ಅಂತ ಮಂಜೂರಾಗಬೇಕು. ಇಲ್ಲಾಂದ್ರೆ ಬ್ಲ್ಯಾಕ್. ಎಷ್ಟು ಬಿಸಿ ವಿಷಯ ಅಂದ್ರೆ, ಮಹಾರಾಷ್ಟ್ರದಲ್ಲಿ ಸಿಮೆಂಟ್ ಹಂಚಿಕೆ ವಿವಾದದಲ್ಲೇ 1982ರ ಜನವರಿಯಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಡಬೇಕಾಯ್ತು. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲವಾಯ್ತು, ಪೂರ್ತಿ ಹೋಗಿದ್ದು 1989ರಲ್ಲಿ. ನಮ್ಮ ತಾತ ಕರೆಕ್ಟಾಗಿ ಒಂದು ವರ್ಷ ಮುಂಚೆ ಮನೆ ಕಟ್ಟಿದ್ರು. ಟೈಮಿಂಗ್ ನಮ್ಮ ವಂಶಕ್ಕೇ ಬಂದಿಲ್ಲ.

ಆಗ ಉಳ್ಳವರು ಮೊಸಾಯಿಕ್ ಹಾಕಿಸ್ತಿದ್ರು. ಅದಕ್ಕೆ ಪಾಲಿಶ್ ಮಷಿನ್ ತರಿಸಬೇಕು, ಖರ್ಚು ಜಾಸ್ತಿ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಕೂಡ ಇತ್ತು. ನಮ್ಮ ಅಡುಗೆ ಕಟ್ಟೆ ಈಗಲೂ ಕಡಪ ಕಲ್ಲೇ. ರೆಡ್ ಆಕ್ಸೈಡ್‌ಗೆ ಬೇಕಿದ್ದು ಕಮ್ಮಿ. ಕೆಳಗೆ ಕಾಂಕ್ರೀಟ್, ಅದರ ಮೇಲೆ ತೆಳ್ಳಗೆ ಒಂದು ಪದರ ಸಿಮೆಂಟ್, ಅದಕ್ಕೆ ಕಬ್ಬಿಣದ ಆಕ್ಸೈಡ್ ಪುಡಿ. ಅಂದ್ರೆ ತುಕ್ಕಿನ ಅಣ್ಣತಮ್ಮ. ಮನೆ ಕೆಲಸ ಮುಗಿಯೋವರೆಗೂ ಅಜ್ಜಿ ಎರಡು ಮೂಟೆ ಸಿಮೆಂಟನ್ನ ಮಂಚದ ಕೆಳಗೆ, ಹಳೇ ಸೀರೆ ಸುತ್ತಿ ಮುಚ್ಚಿಟ್ಟಿದ್ರಂತೆ, ನೆಲಕ್ಕೆ ಅಂತ. ಯಾರಾದ್ರೂ ಸಾಲ ಕೇಳಿಬಿಟ್ರೆ ಅನ್ನೋ ಭಯ.

ಸಾಮಾನು ಅಗ್ಗ, ಆದ್ರೆ ಕೆಲಸ ಸುಲಭ ಅಲ್ಲ. ಪುಡಿ, ಸಿಮೆಂಟ್ ಎರಡನ್ನೂ ಒಣದಾಗಿ ಜರಡಿ ಹಿಡಿದು ಒಂದೇ ಸಮ ಬೆರೆಸಬೇಕು. ಇಡೀ ರೂಮಿಗೆ ಒಂದೇ ಸಲ ಬೆರೆಸಬೇಕು, ಇಲ್ಲಾಂದ್ರೆ ತೇಪೆ ಹಾಕಿದ ಹಾಗೆ ಬಣ್ಣ ಬೇರೆ ಬೇರೆ ಆಗತ್ತೆ. ಒಳಗೋಡೆಯಿಂದ ಶುರು ಮಾಡಿ, ಮೊಣಕಾಲೂರಿ, ಕರಣೆಯಲ್ಲಿ ಉಜ್ಜುತ್ತಾ ಉಜ್ಜುತ್ತಾ ಹಿಂದಕ್ಕೆ ಸರೀತಾ ಬಾಗಿಲಿಗೆ ಬರಬೇಕು. ಮಧ್ಯ ನಿಲ್ಲಿಸಿ ಊಟಕ್ಕೆ ಹೋದ್ರೆ ಆ ಗೆರೆ ಜನ್ಮಪೂರ್ತಿ ಕಾಣತ್ತೆ. ನಮ್ಮ ಹಾಲಿನ ಮಧ್ಯದಲ್ಲಿ ಅಂಥದ್ದೊಂದು ಗೆರೆ ಇದೆ. ಅವತ್ತು ಗಾರೆಯವರಿಗೆ ಹಸಿವಾಗಿತ್ತು, ಅಷ್ಟೇ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ಮೇಣನೋ ಕೊಬ್ಬರಿ ಎಣ್ಣೆನೋ ಹಾಕಿ ತಿಕ್ಕೋದು.

ಇಲ್ಲಿವರೆಗೂ ನನ್ನ ವಾದ ಗೆಲ್ತಾ ಇತ್ತು. ನೋಡಮ್ಮ, ಎಂಥಾ ಕೆಲಸಗಾರಿಕೆ, ಇದನ್ನ ಮುಚ್ತೀಯಾ ಅಂದೆ.

ಅಮ್ಮ ಇಪ್ಪತ್ತೆರಡು ವರ್ಷ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಗ್ಗೆ ಎಂಟೂವರೆಗೆ ಕಾರ್ಡ್ ಪಂಚ್, ಮನೆಗೆ ಬರೋದು ರಾತ್ರಿ ಏಳಕ್ಕೆ. ಅವರು ಹೇಳಿದ್ದನ್ನ ಹಾಗೇ ಹೇಳ್ತೀನಿ. "ಆಕ್ಸೈಡ್ ಹಾಕಿದ ದಿನ ಹೊಳೆಯಲ್ಲ ಕಣೋ. ಒರೆಸಿ ಒರೆಸಿ ಹೊಳೆಯತ್ತೆ. ನಿಮ್ಮಜ್ಜಿ ಹದಿನೈದು ವರ್ಷ ಒರೆಸಿದ್ರು, ನಾನು ಮೂವತ್ತು ವರ್ಷ ಒರೆಸಿದೀನಿ. ನೀನು ಯಾವತ್ತು ಒರೆಸಿದೀಯ?"

ನಾನು ಒರೆಸಿಲ್ಲ. ಯಾವತ್ತೂ.

ಇದನ್ನ ಯಾವ ರೀಲ್‌ನಲ್ಲೂ ನೋಡಿರಲಿಲ್ಲ. ಹಳೇ ಮನೆಯ ಚೆಂದ ಅಂತ ನಾವು ಸ್ಕ್ರೀನ್‌ಶಾಟ್ ತಗೊಳ್ಳೋ ಹೊಳಪಿದೆಯಲ್ಲ, ಅದು ಆ ಮನೆ ಹೆಂಗಸರು ಮೊಣಕಾಲ ಮೇಲೆ ಕೂತು ಕಳೆದ ಬೆಳಗುಗಳು. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಸಾಮಾನಿನ ಖರ್ಚನ್ನ ಉಳಿಸಿ ಕೂಲಿ ಖರ್ಚನ್ನ ಮನೆಯವರ ತಲೆ ಮೇಲೆ ಹಾಕಿದ್ದು. ಆ ಕೂಲಿಗೆ ಲೆಡ್ಜರ್ ಇರಲಿಲ್ಲ. ಈಗ ಆರ್ಕಿಟೆಕ್ಟ್‌ಗಳು ಮತ್ತೆ ಆಕ್ಸೈಡ್ ನೆಲ ಹಾಕಿಸ್ತಿದ್ದಾರೆ. ಮಾಡೋ ಕೈಗಳು ಕಮ್ಮಿಯಾಗಿವೆ, ಹಾಗಾಗಿ ನಾನು ವಿಚಾರಿಸಿದಾಗ ಸಾಧಾರಣ ಟೈಲ್ಸ್‌ಗಿಂತ ರೇಟ್ ಜಾಸ್ತಿನೇ ಹೇಳಿದ್ರು. ಬಡವರ ನೆಲ ಈಗ ಲಕ್ಷುರಿ.

ಟೈಲ್ಸ್ ವಿಷಯಕ್ಕೆ ಬಂದ್ರೆ ಗುಜರಾತ್‌ನ ಮೋರ್ಬಿ ಹೆಸರು ಹೇಳಲೇಬೇಕು. ದೇಶದ ಸೆರಾಮಿಕ್ ಟೈಲ್ಸ್ ಅಂದ್ರೆ ಬಹುಪಾಲು ಆ ಊರು. ಮಜಾ ಏನು ಗೊತ್ತಾ? ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ರಲ್ಲ, ಆ ಮಂಗಳೂರು ಮಾದರಿ ಹೆಂಚನ್ನ ಮೋರ್ಬಿಯವರೂ ಮಾಡ್ತಿದ್ರು. ಅವರು ಚಾವಣಿಯಿಂದ ನೆಲಕ್ಕೆ ಇಳಿದ್ರು. ನಾವು ಹೆಂಚಿನಲ್ಲೇ ನಿಂತುಬಿಟ್ವಿ. ಗಡಿಯಾರದಲ್ಲೂ ಇದೇ ಕಥೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಿಂದ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಮಾಡ್ತು, ಇಡೀ ದೇಶ ಕಟ್ಟಿಕೊಳ್ತು. ಆದ್ರೆ ಅದೇ ಜಾಲಹಳ್ಳಿ ಸುತ್ತಮುತ್ತ ಹಾಲಿನ ಗೋಡೆ ಮೇಲೆ ತೂಗಾಡೋ ಕ್ವಾರ್ಟ್ಜ್ ಗಡಿಯಾರ ತಿರುಗಿಸಿ ನೋಡಿ, ಅಜಂತಾ ಇರತ್ತೆ. ಅದೂ ಮೋರ್ಬಿ.

ಶೋಕೇಸ್ ಬಗ್ಗೆ ಎರಡು ಮಾತು ಹೇಳದಿದ್ರೆ ಪಾಪ ಬರತ್ತೆ. ಎಂಬತ್ತರ ದಶಕದಲ್ಲಿ ಟಿವಿ ಬಂದ ಮೇಲೆ ನಮ್ಮ ಹಾಲುಗಳು ಗೋಡೆ ಕಡೆಗೆ ಮುಖ ಮಾಡಿ ಕೂತವು. ಟಿವಿಗೆ ಮಧ್ಯದಲ್ಲಿ ಗೂಡು, ಸುತ್ತ ಗಾಜು. ಒಳಗೆ ಚನ್ನಪಟ್ಟಣದ ಗೊಂಬೆ, ಯಾರೋ ಆಗ್ರಾದಿಂದ ತಂದ ತಾಜ್ ಮಹಲ್, ತಾತನಿಗೆ ಸರ್ವೀಸ್‌ಗೆ ಕೊಟ್ಟ ಶೀಲ್ಡು, ಯಾವತ್ತೂ ಕಾಫಿ ಕುಡಿಯದ ಕಪ್ ಸೆಟ್ಟು. ಇಂಟೀರಿಯರ್ ಡಿಸೈನರ್‌ಗಳು ಮೊದಲು ಒಡೆಸೋದು ಇದನ್ನೇ. ನನಗೇನೋ ಅದು ನಮ್ಮ ಮನೆಯ ಬ್ಯಾಲೆನ್ಸ್ ಶೀಟ್ ಥರ ಕಾಣತ್ತೆ, ಬರೀ ಅಸೆಟ್ಸ್ ಕಡೆಯದ್ದು.

ಕೊನೆಗೆ ಒಂದು ಭಾನುವಾರ, ಸಾಕು ಜಗಳ ಅಂತ, ನಾಲ್ಕೂ ಜನ ನಾಗಸಂದ್ರಕ್ಕೆ ಹೋದ್ವಿ. ಬರೀ ಐಡಿಯಾ ತಗೊಳ್ಳೋಕೆ ಅಂತ. ಎಲ್ಲರೂ ಹಾಗೇ ಹೇಳಿಕೊಂಡು ಹೋಗೋದು. ಒಳಗೆ ರೂಮ್ ರೂಮ್ ಮಾಡಿಟ್ಟಿದ್ದಾರೆ, ಯಾರೋ ಈಗಷ್ಟೇ ಎದ್ದು ಆಚೆ ಹೋದ ಹಾಗೆ. ಅಜ್ಜಿ ಒಂದು ಸೋಫಾ ಮೇಲೆ ಕೂತವರು ಮುಕ್ಕಾಲು ಗಂಟೆ ಏಳಲಿಲ್ಲ. ಅಮ್ಮ ಅಡುಗೆಮನೆ ಸೆಟ್ಟಿನಲ್ಲಿ ಒಂದೊಂದೇ ಡ್ರಾಯರ್ ಎಳೆದು, ತಳ್ಳಿ, ಅದು ತಾನಾಗೇ ಮೆಲ್ಲಗೆ ಮುಚ್ಚಿಕೊಳ್ಳೋದನ್ನ ನೋಡ್ತಾ ನಿಂತಿದ್ರು. "ಗ್ರೈಂಡರ್ ಎಲ್ಲಿಡ್ತಾರೆ ಇವರು?" ಅಂತ ಕೇಳಿದ್ರು. ಒಳ್ಳೆ ಪ್ರಶ್ನೆ. ನನಗೂ ಗೊತ್ತಾಗಲಿಲ್ಲ.

ಅಪ್ಪ ಮಾತ್ರ ಕಾಣಿಸ್ತಿಲ್ಲ. ಹುಡುಕಿದ್ರೆ, ಒಂದು ಅಡುಗೆ ಕಪಾಟಿನ ತಂತಿ ಬುಟ್ಟಿ ಮುಂದೆ ಬಗ್ಗಿ ನಿಂತಿದ್ದಾರೆ. ಅಪ್ಪ ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ಪೌಡರ್ ಕೋಟಿಂಗ್ ಕೆಲಸ ಮಾಡೋರು. ಲೋಹಕ್ಕೆ ಬಣ್ಣದ ಪುಡಿ ಸಿಂಪಡಿಸಿ ಓವನ್‌ನಲ್ಲಿ ಬೇಯಿಸೋದು. ಮಾಡ್ಯುಲರ್ ಕಿಚನ್‌ಗೆ ಹೋಗೋ ಬುಟ್ಟಿ, ರ‍್ಯಾಕು, ಹಿಡಿ, ಎಷ್ಟು ಸಾವಿರ ಅವರ ಕೈ ದಾಟಿ ಹೋಗಿದೆಯೋ. ಯಾರ ಮನೆಗೆ ಹೋಗ್ತಿತ್ತೋ. ನಮ್ಮ ಮನೆಯಲ್ಲಿ ಪಾತ್ರೆ ಈಗಲೂ ಕಡಪ ಕಲ್ಲಿನ ಕೆಳಗೆ, ಪರದೆ ಹಿಂದೆ. ಅಪ್ಪ ಹೆಬ್ಬೆರಳನ್ನ ಬುಟ್ಟಿಯ ಬೆಸುಗೆ ಮೂಲೆಯಲ್ಲಿ ಆಡಿಸಿ, "ಮೂಲೆಯಲ್ಲಿ ಚೆನ್ನಾಗಿ ಕೂರಿಸಿದ್ದಾರೆ. ಎಪ್ಪತ್ತು ಮೈಕ್ರಾನ್ ಇರತ್ತೆ," ಅಂದ್ರು. ಆಮೇಲೆ ಬೆಲೆ ಚೀಟಿ ತಿರುಗಿಸಿ ನೋಡಿದ್ರು. ಏನೂ ಹೇಳಲಿಲ್ಲ.

ಅವತ್ತು ನಾವು ತಗೊಂಡಿದ್ದು ಒಂದು ಬುಟ್ಟಿ, ನಾಲ್ಕು ಗಾಜಿನ ಡಬ್ಬಿ, ಅಜ್ಜಿಗೆ ಒಂದು ಕುಶನ್.

ವಾಪಸ್ ಬರ್ತಾ ಮೆಟ್ರೋದಲ್ಲಿ ಅಮ್ಮನಿಗೆ ಹೇಳಿದೆ, ಟೈಲ್ಸ್ ಹಾಕಿಸೋಣ. ಅಡುಗೆಮನೆಗೆ, ಹಾಲಿಗೆ. ಒಂದೇ ಸ್ಟೇಷನ್ ದೂರ, ಮಾತು ಮುಗಿಯೋ ಅಷ್ಟರಲ್ಲಿ ದಾಸರಹಳ್ಳಿ ಬಂತು. ರೂಮಿನ ಕೆಂಪು ನೆಲ ಹಾಗೇ ಇರಲಿ, ಒರೆಸೋದು ನಾನು ಅಂದೆ. ಅಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಮೆಟ್ಟಿಲಿಳೀತಾ, "ಹಾಲಿನ ಆ ಗೆರೆ ಇದೆಯಲ್ಲ, ಮುಚ್ಚೋ ಮುಂಚೆ ಒಂದು ಫೋಟೋ ತೆಗೆದಿಡು. ಅಜ್ಜಿ ಕೇಳ್ತಾರೆ," ಅಂದ್ರು.

ಟೈಲ್ಸ್‌ನವರು ಮುಂದಿನ ಸೋಮವಾರ ಬರ್ತಾರೆ. ರೂಮನ್ನ ಹನ್ನೊಂದು ದಿನದಿಂದ ಒರೆಸ್ತಾ ಇದೀನಿ, ಅದರಲ್ಲಿ ಎರಡು ದಿನ ತಪ್ಪಿಸಿದೀನಿ. ನಿಮ್ಮ ಮನೆಯ ನೆಲ ಯಾವುದು, ಅದನ್ನ ಯಾರು ಒರೆಸ್ತಾರೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.