ಹೂಗೆಡ್ಡೆ ನೆಟ್ಟು ಹವಾಮಾನ ಕಲಿಯುವ ವೇಲ್ಸ್ ಮಕ್ಕಳು

ಬ್ರಿಟನ್‌ನ ವೇಲ್ಸ್‌ನಲ್ಲಿ ಅಕ್ಟೋಬರ್ ಬಂತೆಂದರೆ ಪ್ರಾಥಮಿಕ ಶಾಲೆಗಳ ಮಕ್ಕಳು ಕುಂಡಗಳಲ್ಲಿ ಹೂಗೆಡ್ಡೆ ನೆಡುತ್ತಾರೆ. ವೇಲ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯ 2005ರಲ್ಲಿ ಆರಂಭಿಸಿದ ಈ ಯೋಜನೆಯ ಹೆಸರು ‘ಸ್ಪ್ರಿಂಗ್ ಬಲ್ಬ್ಸ್ ಫಾರ್ ಸ್ಕೂಲ್ಸ್’. ಹವಾಮಾನ ಬದಲಾದಂತೆ ಹೂ ಅರಳುವ ದಿನವೂ ಬದಲಾಗುತ್ತದೆಯೇ ಎಂದು ತಿಳಿಯುವುದು ಇದರ ಉದ್ದೇಶ.

ಮಕ್ಕಳು ಮಾಡುವುದೇನು?
ನೆಡುವುದು ಡ್ಯಾಫೋಡಿಲ್ ಮತ್ತು ಕ್ರೋಕಸ್. ಚಳಿಗಾಲದಲ್ಲಿ ಶಾಲೆಯಿರುವ ದಿನಗಳಂದು ತಾಪಮಾನ ಹಾಗೂ ಮಳೆಯ ಪ್ರಮಾಣ ಬರೆದಿಡುತ್ತಾರೆ. ಹೂ ಅರಳಿದ ದಿನ, ಗಿಡದ ಎತ್ತರವನ್ನೂ ದಾಖಲಿಸುತ್ತಾರೆ. ಎಲ್ಲರೂ ಒಂದೇ ವಿಧಾನ ಅನುಸರಿಸಿದರಷ್ಟೇ ಶಾಲೆ ಶಾಲೆಗಳ ಅಂಕಿಅಂಶ ಹೋಲಿಸಲು ಸಾಧ್ಯ.

ಗೆಡ್ಡೆಯೊಳಗೆ ಏನಿದೆ?
ಡ್ಯಾಫೋಡಿಲ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿದರೆ ಈರುಳ್ಳಿಯಂತೆ ಪದರಗಳು ಕಾಣುತ್ತವೆ. ಅವು ಗಿಡದ ಆಹಾರ ಸಂಗ್ರಹ. ನಡುವೆ ಪುಟ್ಟ ಮೊಳಕೆ, ಅದರಲ್ಲೇ ಮುಂದಿನ ಹೂವಿನ ಮೊಗ್ಗು. ಕೆಲವು ವಾರ ಚಳಿ ಸಿಕ್ಕರೆ ಮಾತ್ರ ಹೂ ಚೆನ್ನಾಗಿ ಬರುತ್ತದೆ. ನಂತರ ಬಿಸಿಲು ಬೇಗ ಏರಿದರೆ ಹೂವೂ ಬೇಗ ಅರಳುತ್ತದೆ. ಆದರೆ ಒಂದು ವರ್ಷದ ಲೆಕ್ಕದಿಂದ ಹವಾಮಾನ ಬದಲಾಗಿದೆ ಎನ್ನಲಾಗದು, ಹಲವು ವರ್ಷಗಳ ದಾಖಲೆ ಬೇಕು. ಮಕ್ಕಳು ಕಲಿಯುವ ದೊಡ್ಡ ಪಾಠ ಇದೇ.

ನಮ್ಮಲ್ಲಿ ಸಾಧ್ಯವೇ?
ಮುಂಬೈ, ಚೆನ್ನೈನಲ್ಲಿ ಡ್ಯಾಫೋಡಿಲ್‌ಗೆ ಬೇಕಾದ ಚಳಿಯಿಲ್ಲ. ಬದಲಿಗೆ ಸುಗಂಧರಾಜದ ಗೆಡ್ಡೆಯನ್ನು ಕುಂಡದಲ್ಲಿ ನೆಟ್ಟು, ಮೊಳಕೆ ಬಂದ ದಿನ, ಹೂಬಿಟ್ಟ ದಿನ, ತಾಪಮಾನವನ್ನು ಮಕ್ಕಳಿಂದಲೇ ಬರೆಸಬಹುದು. ಅಡುಗೆಮನೆಯ ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿಟ್ಟರೂ ಬೇರು ಬಿಡುವುದನ್ನು ನೋಡಬಹುದು.

ಎಚ್ಚರಿಕೆ: ಡ್ಯಾಫೋಡಿಲ್ ಗೆಡ್ಡೆ ಈರುಳ್ಳಿಯಂತೆ ಕಂಡರೂ ವಿಷಕಾರಿ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು, ಮುಟ್ಟಿದ ನಂತರ ಕೈ ತೊಳೆಸಬೇಕು.