ಚಿತ್ರದ ಪಾಠಾಂತರಗಳು

ಛಾಯಾಚಿತ್ರವನ್ನು ಸಾಕ್ಷಿಯೆಂದು ನಂಬುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಚಿತ್ರಕಾರನು ಬರೆದ ಮುಖವನ್ನು ನಾವು ಅವನ ಕಲ್ಪನೆಯ ಪಾಲಿಗೆ ಬಿಡುತ್ತೇವೆ. ಕ್ಯಾಮೆರಾ ಹಿಡಿದ ಮುಖವನ್ನಾದರೋ ನ್ಯಾಯಾಲಯದಲ್ಲಿಯೂ ಪತ್ರಿಕೆಯಲ್ಲಿಯೂ ಮನೆಯ ಗೋಡೆಯ ಮೇಲೂ ವಾಸ್ತವವೆಂದೇ ಸ್ವೀಕರಿಸುತ್ತೇವೆ. ಈ ನಂಬಿಕೆಯನ್ನು ಗಣಕಯಂತ್ರ ಬಂದು ಕೆಡಿಸಿತೆಂದು ಹಲವರು ಮರುಗುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ. ಛಾಯಾಚಿತ್ರವನ್ನು ತಿದ್ದುವ ಕೈ ಹೆಚ್ಚುಕಡಿಮೆ ಛಾಯಾಚಿತ್ರದಷ್ಟೇ ಹಳೆಯದು. ನಾನು ಛಾಯಾಗ್ರಾಹಕನಲ್ಲ, ಕನ್ನಡ ಪಾಠ ಹೇಳುತ್ತ, ಓಲೆಗರಿಗಳ ಪಾಠಾಂತರಗಳನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತ ಆಯುಷ್ಯ ಕಳೆದವನು. ಆ ಅಭ್ಯಾಸದ ಕಣ್ಣಿನಿಂದಲೇ ಈ ತಿದ್ದುವಿಕೆಯ ಕಥೆಯನ್ನು ಕೇಳುಗರ ಮುಂದಿಡಬಯಸುತ್ತೇನೆ.

1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನ ಲೋಕಕ್ಕೆ ಪ್ರಕಟವಾಯಿತು. ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಮೂಡಿದ ಆ ಚಿತ್ರಗಳಿಗೆ ಬಣ್ಣವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕುಂಚದ ತುದಿಯಿಂದ ಕೆನ್ನೆಗೆ ನಸುಗೆಂಪನ್ನೂ ಒಡವೆಗೆ ಹೊನ್ನಿನ ಬಣ್ಣವನ್ನೂ ಹಚ್ಚುವವರು ಹುಟ್ಟಿಕೊಂಡರು. 1851ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದನು. ಇದರಿಂದ ಗಾಜಿನ ನೆಗಟಿವ್ ದೊರೆತು, ಒಂದೇ ನೆಗಟಿವಿನಿಂದ ಸ್ಫುಟವಾದ ಅನೇಕ ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ಆದರೆ ಆ ಕಾಲದ ಲೇಪಕ್ಕೆ ಒಂದು ದೋಷವಿತ್ತು. ಅದು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು. ಕೆಂಪು ಅದರ ಪಾಲಿಗೆ ಕತ್ತಲೆಯೇ. ಹೀಗಾಗಿ ಆಕಾಶವು ಮೋಡವಿಲ್ಲದ ಬಿಳಿಯ ಹಾಳೆಯಾಗುತ್ತಿತ್ತು; ಮುಖದ ಮೇಲಿನ ಕೆಂಪು ಮಚ್ಚೆ, ಮೊಡವೆಯ ಗುರುತು, ಚರ್ಮದ ಸಣ್ಣ ಏರುಪೇರು ಎಲ್ಲವೂ ಕಪ್ಪಾಗಿ ಎದ್ದು ಕಾಣುತ್ತಿದ್ದವು. ಕಣ್ಣಿಗೆ ಕಾಣದಿದ್ದ ಕುರೂಪವನ್ನು ಯಂತ್ರ ಸೃಷ್ಟಿಸುತ್ತಿತ್ತು. ಆದುದರಿಂದ ಮೊದಮೊದಲ ತಿದ್ದುವಿಕೆಗೆ ಒಂದು ನ್ಯಾಯವಾದ ಕಾರಣವಿತ್ತೆಂಬುದನ್ನು ಮರೆಯಬಾರದು. ಅದು ಮುಖವನ್ನು ಸುಳ್ಳಾಗಿಸುತ್ತಿರಲಿಲ್ಲ, ಲೇಪದ ಸುಳ್ಳನ್ನು ಸರಿಪಡಿಸುತ್ತಿತ್ತು.

1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಮ್ಯೂನಿಕ್ ನಗರದ ಫ್ರಾಂಝ್ ಹಾನ್‌ಫ್‌ಸ್ಟೆಂಗಲ್ ಎಂಬಾತ ಒಂದೇ ಮುಖದ ಎರಡು ಪ್ರತಿಗಳನ್ನು, ತಿದ್ದುವ ಮುಂಚಿನದನ್ನೂ ತಿದ್ದಿದ ಮೇಲಿನದನ್ನೂ, ಅಕ್ಕಪಕ್ಕದಲ್ಲಿಟ್ಟು ತೋರಿಸಿದನೆಂದು ಛಾಯಾಗ್ರಹಣದ ಚರಿತ್ರಕಾರರು ಬರೆಯುತ್ತಾರೆ. ಜನ ಬೆರಗಾದರು. ಅಲ್ಲಿಂದಾಚೆಗೆ ರೀಟಚಿಂಗ್ ಎಂಬುದು ಒಂದು ವೃತ್ತಿಯೇ ಆಯಿತು. ಅದರ ಸಲಕರಣೆ ಬಹಳ ಸರಳ. ಓರೆಯಾಗಿ ನಿಲ್ಲಿಸಿದ ಒಂದು ಮೇಜು, ಅದರ ನಡುವೆ ಉಜ್ಜಿದ ಗಾಜು, ಕೆಳಗೆ ಬೆಳಕನ್ನು ಮೇಲಕ್ಕೆ ಚೆಲ್ಲುವ ಕನ್ನಡಿ. ನೆಗಟಿವಿನ ಮೇಲೆ ಪೆನ್ಸಿಲ್ ಹಿಡಿಯಲೆಂದು ತೆಳುವಾಗಿ ಸವರುವ ಅಂಟು. ಸೂಜಿಯಂತೆ ಹರಿತ ಮಾಡಿದ ಗಟ್ಟಿ ಸೀಸದ ಪೆನ್ಸಿಲ್. ಒಂದು ಸಣ್ಣ ಚೂರಿ. ಪ್ರತಿಯಲ್ಲಿ ಕಪ್ಪಾಗಿ ಕಾಣುವುದು ನೆಗಟಿವಿನಲ್ಲಿ ತಿಳಿಯಾಗಿರುತ್ತದೆ. ಆ ತಿಳಿಯಾದ ಚುಕ್ಕೆಯನ್ನು ಪೆನ್ಸಿಲಿನಿಂದ ತುಂಬಿದರೆ ಕಲೆ ಮಾಯವಾಗುತ್ತದೆ. ಬಿಳುಪಾದ ಕಡೆ ಕಪ್ಪು ಬೇಕೆಂದರೆ ಚೂರಿಯಿಂದ ಲೇಪವನ್ನು ಹೆರೆಯಬೇಕು. ಸೀಸ ತಪ್ಪಿದರೆ ಒರೆಸಬಹುದು; ಚೂರಿ ತಪ್ಪಿದರೆ ನೆಗಟಿವ್ ಹೋಯಿತು. ಕೈಚಳಕಕ್ಕಿಂತ ಸಂಯಮವೇ ಈ ವೃತ್ತಿಗೆ ಹೆಚ್ಚು ಬೇಕಾದ ಗುಣವಾಗಿತ್ತು.

ಬಿಳಿಯ ಆಕಾಶಕ್ಕೂ ಮದ್ದು ದೊರೆಯಿತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಮೋಡಕ್ಕೊಂದು ಎಂದು ಎರಡು ನೆಗಟಿವ್ ತೆಗೆದು ಒಂದೇ ಹಾಳೆಯಲ್ಲಿ ಮುದ್ರಿಸಿದನು. 1857ರಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೆ ಕಡಿಮೆಯಿಲ್ಲದ ನೆಗಟಿವುಗಳನ್ನು ಹೊಂದಿಸಿ ಒಂದು ದೊಡ್ಡ ನೀತಿಚಿತ್ರವನ್ನು ಕಟ್ಟಿದನು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗಟಿವುಗಳಿಂದ, ಸಾವಿನ ಅಂಚಿನಲ್ಲಿರುವ ತರುಣಿಯೊಬ್ಬಳ ಚಿತ್ರವನ್ನು ರಚಿಸಿದನು. ಇಂತಹ ನೋವಿನ ಗಳಿಗೆಗೆ ಕ್ಯಾಮೆರಾ ಹಿಡಿಯಬಹುದೇ ಎಂದು ಅಂದಿನ ಪ್ರೇಕ್ಷಕರು ಕೆರಳಿದರು. ಅದು ನಡೆದ ಘಟನೆಯಲ್ಲ, ಕೂಡಿಸಿದ ರಚನೆ. ಚಿತ್ರಕಾರನೊಬ್ಬ ಬರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕ್ಯಾಮೆರಾದ ಮೇಲಿನ ನಂಬಿಕೆ ಆಗಲೇ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಆ ಕೋಪವೇ ಸಾಕ್ಷಿ.

ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೂ ಈ ಮೇಜು, ಈ ಪೆನ್ಸಿಲ್ ಬಹುಕಾಲ ಬಾಳಿದವು. ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿ, ಸೀರೆಯ ಅಂಚಿಗೆ ಜರಿಯ ಹೊಳಪು ಕೊಡುವ ಕುಶಲಿಗಳನ್ನು ನನ್ನ ವಯಸ್ಸಿನವರು ಕಂಡೇ ಇದ್ದಾರೆ. ಮನೆಯ ಹಿರಿಯರು ತೀರಿಕೊಂಡಾಗ ಅವರದೊಂದು ಬಿಡಿಚಿತ್ರವೂ ಇರುತ್ತಿರಲಿಲ್ಲ. ಯಾರದೋ ಮದುವೆಯ ಗುಂಪುಚಿತ್ರದಲ್ಲಿ ಮೂರನೆಯ ಸಾಲಿನಲ್ಲಿ ನಿಂತ ಮುಖವನ್ನು ಬೇರ್ಪಡಿಸಿ, ಹಿಗ್ಗಿಸಿ, ಪಕ್ಕದವರ ಭುಜವನ್ನು ಅಳಿಸಿ, ಮಾಸಿದ ಕಣ್ಣಿಗೆ ಬೆಳಕಿನ ಒಂದು ಚುಕ್ಕೆಯಿಟ್ಟು ಕೊಡುತ್ತಿದ್ದರು. ಆ ಚಿತ್ರಕ್ಕೆ ಹಾರ ಹಾಕಿ ಮನೆಯವರು ಕೈಮುಗಿಯುತ್ತಿದ್ದರು. ಇದನ್ನು ವಂಚನೆಯೆನ್ನಲು ನನಗೆ ನಾಲಗೆ ಬಾರದು. ಮರೆವಿಗೆ ಸಲ್ಲುತ್ತಿದ್ದ ಮುಖವನ್ನು ಆ ಕೈ ಉಳಿಸಿಕೊಟ್ಟಿತು.

ಅದೇ ಕೈ ಮುಖವನ್ನು ಅಳಿಸಲೂ ಬಲ್ಲದು. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಕೊಲಾಯ್ ಯೆಝೋವ್ ನಡೆಯುತ್ತಿರುವ ಚಿತ್ರವೊಂದಿದೆ. ಅವನು ಆಗ ರಹಸ್ಯ ಪೋಲೀಸಿನ ಮುಖ್ಯಸ್ಥ. ಸಾವಿರಾರು ಜನರನ್ನು ಕೊಲ್ಲಿಸಿದವನು. 1940ರಲ್ಲಿ ಅವನನ್ನೇ ಗುಂಡಿಕ್ಕಿ ಕೊಂದರು. ಅನಂತರ ಪ್ರಕಟವಾದ ಪ್ರತಿಯಲ್ಲಿ ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರಿದೆ, ದಂಡೆಯ ಗೋಡೆಯಿದೆ, ಮನುಷ್ಯನಿಲ್ಲ. ಇಂತಹ ಅಳಿಸಿದ ಮುಖಗಳನ್ನು ಹುಡುಕಿ ಡೇವಿಡ್ ಕಿಂಗ್ ಎಂಬವರು 1997ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. 1945ರಲ್ಲಿ ಬರ್ಲಿನ್ನಿನ ರೈಕ್‌ಸ್ಟಾಗ್ ಕಟ್ಟಡದ ಮೇಲೆ ಸೋವಿಯತ್ ಯೋಧರು ಬಾವುಟ ನೆಟ್ಟ ಪ್ರಸಿದ್ಧ ಚಿತ್ರವನ್ನು ಯೆವ್ಗೆನಿ ಖಾಲ್ದೇಯ್ ತೆಗೆದನು. ಅದರಲ್ಲಿ ಒಬ್ಬನ ಎರಡೂ ಮುಂಗೈಗಳಲ್ಲಿ ಗಡಿಯಾರಗಳಿದ್ದಂತೆ ಕಾಣುತ್ತಿತ್ತು. ಲೂಟಿಯ ಸಂಶಯ ಬಾರದಿರಲೆಂದು ಒಂದನ್ನು ಅಳಿಸಲಾಯಿತು. ಹಿನ್ನೆಲೆಗೆ ಹೊಗೆಯನ್ನೂ ಸೇರಿಸಲಾಯಿತು. ಇವೆಲ್ಲ ಕುಂಚ, ಚೂರಿ, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇವುಗಳ ಕೆಲಸ. ಗಣಕಯಂತ್ರವಿನ್ನೂ ಈ ರಂಗಕ್ಕೆ ಕಾಲಿಟ್ಟಿರಲಿಲ್ಲ.

ಅದು ಕಾಲಿಟ್ಟುದು 1980ರ ದಶಕದಲ್ಲಿ. 1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಗಿಜಾದ ಪಿರಮಿಡ್ಡುಗಳು ಒಂದಕ್ಕೊಂದು ಸರಿದು ಹತ್ತಿರವಾದವು. ಅಡ್ಡಲಾಗಿದ್ದ ಚಿತ್ರ ಉದ್ದನೆಯ ಮುಖಪುಟಕ್ಕೆ ಹೊಂದಲೆಂದು ಯಂತ್ರದಿಂದ ಹಾಗೆ ಸರಿಸಿದ್ದರು. ಸಾವಿರಾರು ವರ್ಷ ಅಲುಗದ ಕಲ್ಲು ಒಂದು ಅಳತೆಗಾಗಿ ಅಲುಗಿತು. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನೋಲ್, ಕಪ್ಪು ಬಿಳುಪು ಬಿಟ್ಟು ಬೇರೆ ತೋರದ ತನ್ನ ಗಣಕದ ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲು ಒಂದು ಕ್ರಮವಿಧಿಯನ್ನು ಬರೆದನು. ಚಲನಚಿತ್ರಗಳ ವಿಶೇಷ ದೃಶ್ಯಗಳನ್ನು ರಚಿಸುವ ಸಂಸ್ಥೆಯಲ್ಲಿದ್ದ ಸೋದರ ಜಾನ್ ಅದನ್ನು ಬೆಳೆಸಲು ನೆರವಾದನು. ಅದೇ 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆಯಿಂದ ಫೋಟೋಶಾಪ್ ಎಂಬ ಹೆಸರಿನಲ್ಲಿ ಹೊರಬಂದಿತು. ಈ ಸೋದರರ ತಂದೆಗೆ ಮನೆಯಲ್ಲಿಯೇ ಡಾರ್ಕ್‌ರೂಮ್ ಇತ್ತು. ಮಕ್ಕಳು ಅಲ್ಲಿ ಕೈ ಪಳಗಿಸಿಕೊಂಡವರು. ಆ ತಂತ್ರಾಂಶದ ಉಪಕರಣಗಳನ್ನು ನೋಡಿದರೆ ಈ ವಂಶಾವಳಿ ಸ್ಪಷ್ಟವಾಗುತ್ತದೆ. ತಿಳಿಗೊಳಿಸುವ ಉಪಕರಣದ ಗುರುತು, ಮುದ್ರಣದ ಬೆಳಕಿಗೆ ಅಡ್ಡ ಹಿಡಿಯುತ್ತಿದ್ದ ಕಡ್ಡಿಯ ತುದಿಯ ಬಿಲ್ಲೆ. ಗಾಢಗೊಳಿಸುವುದರ ಗುರುತು, ಬೆಳಕು ಒಂದೆಡೆಗೆ ಮಾತ್ರ ಬೀಳುವಂತೆ ಮಡಿಸಿದ ಅಂಗೈ. ಪೆನ್ಸಿಲಿನ ಸ್ಥಾನಕ್ಕೆ ಬಂದುದು, ಪಕ್ಕದ ಚರ್ಮವನ್ನು ಎತ್ತಿ ಕಲೆಯ ಮೇಲೆ ಒತ್ತುವ ರಬ್ಬರ್ ಮೊಹರು. 2002ರಲ್ಲಿ ಬಂದ ಮತ್ತೊಂದು ಕುಂಚವಂತೂ ಎತ್ತಿದ ಕಡೆಯ ನೇಯ್ಗೆಯನ್ನು ಉಳಿಸಿಕೊಂಡು ಒತ್ತಿದ ಕಡೆಯ ಬಣ್ಣ ಬೆಳಕುಗಳಿಗೆ ತಾನೇ ಹೊಂದಿಕೊಳ್ಳುತ್ತದೆ. ಒಳಗೆ ನಡೆಯುವುದೆಲ್ಲ ಲೆಕ್ಕ. ಚಿತ್ರದ ಪ್ರತಿಯೊಂದು ಬಿಂದುವಿಗೂ 0ಯಿಂದ 255ರವರೆಗಿನ ಅಂಕಿಗಳಿವೆ. ತಿದ್ದುವುದೆಂದರೆ ಅಂಕಿಯನ್ನು ಬದಲಿಸುವುದು. ಚೂರಿಯ ಗೀರಿನಂತೆ ಅಂಕಿಗೆ ಗಾಯದ ಗುರುತಿರುವುದಿಲ್ಲ.

ಅಕ್ಷರಗಳ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ನಾಮಫಲಕ ಬರೆಯುವವರು ಅಕ್ಷರದ ಬಲಕ್ಕೂ ಕೆಳಕ್ಕೂ ನೆರಳೆಳೆದು ಅದು ಹಲಗೆಯಿಂದ ಎದ್ದು ನಿಂತಂತೆ ಮಾಡುತ್ತಿದ್ದರು. ಶಾಸನದ ಕಲ್ಲಿನ ಮೇಲೆ ಓರೆಬಿಸಿಲು ಬಿದ್ದಾಗ ಸವೆದ ಅಕ್ಷರ ಕಾಣುವುದೂ ಇದೇ ನೆರಳಿನಿಂದ. ತಂತ್ರಾಂಶದಲ್ಲಿ 1994ರಲ್ಲಿ ಪದರಗಳ ವ್ಯವಸ್ಥೆ ಬಂದಿತು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಚಿತ್ರವೊಂದು ಪದರದಲ್ಲಿ, ಬರಹವೊಂದು ಪದರದಲ್ಲಿ. 1998ರ ಆವೃತ್ತಿಯಲ್ಲಿ ಅಕ್ಷರಕ್ಕೆ ನೆರಳು, ಉಬ್ಬು, ಹೊಳಪುಗಳನ್ನು ಕೊಟ್ಟ ಮೇಲೂ ಅದರ ಕಾಗುಣಿತವನ್ನು ತಿದ್ದಬಹುದಾಯಿತು. ಆದರೆ ಕನ್ನಡದ ಒತ್ತಕ್ಷರಗಳನ್ನು ಯಥಾಸ್ಥಾನದಲ್ಲಿ ಕೂಡಿಸಲು ಅದಕ್ಕೆ ಬಹುಕಾಲ ಬಾರದು. ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ನಮ್ಮ ವಿನ್ಯಾಸಕಾರರು ಅಕ್ಷರಭಾಗಗಳನ್ನು ತುಂಡುತುಂಡಾಗಿ ಜೋಡಿಸುವ ಹಳೆಯ ಬಗೆಯ ಅಕ್ಷರಮಾದರಿಗಳಲ್ಲೇ ಕೆಲಸ ಸಾಗಿಸಬೇಕಾಯಿತು. ಉಬ್ಬಿನ ಅಲಂಕಾರ ಮೊದಲು ಬಂದು, ಒತ್ತಿನ ಶುದ್ಧಿ ಆಮೇಲೆ ಬಂದಿತು.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಹುಳು ತಿಂದ ಓಲೆಯಲ್ಲಿ ಪದ್ಯದ ಅರ್ಧಪಾದ ಹೋಗಿದೆಯೆನ್ನಿ. ಛಂದಸ್ಸು ಬಲ್ಲ ವಿದ್ವಾಂಸನು ಅದನ್ನು ತುಂಬಬಲ್ಲ. ತುಂಬಿದ್ದನ್ನು ಕಂಸದೊಳಗಿಟ್ಟು, ಇತರ ಪ್ರತಿಗಳ ಪಾಠಗಳನ್ನು ಅಡಿಯಲ್ಲಿ ಕೊಟ್ಟರೆ ಅವನು ಸಂಪಾದಕ. ಏನನ್ನೂ ಹೇಳದೆ ತನ್ನ ಮಾತನ್ನು ಕವಿಯ ಮಾತಿನೊಡನೆ ಬೆರೆಸಿಬಿಟ್ಟರೆ, ಅವನ ಪದ್ಯ ಎಷ್ಟೇ ಚೆನ್ನಾಗಿರಲಿ, ಅವನು ಕವಿಯನ್ನು ಅಳಿಸಿದವನು. ಡಿ. ಎಲ್. ನರಸಿಂಹಾಚಾರ್ ಅವರ ಕನ್ನಡ ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ವಿವೇಕ ಹೊಸದಲ್ಲ. ಛಾಯಾಚಿತ್ರಕ್ಕೂ ಇದೇ ಶಾಸ್ತ್ರ ಸಲ್ಲಬೇಕೆಂಬುದು ನನ್ನ ನಂಬಿಕೆ. ಹರಿದ ಚಿತ್ರದ ಗೀರನ್ನು ಮುಚ್ಚಲಿ, ಮಾಸಿದ ಮುಖಕ್ಕೆ ಬೆಳಕು ಕೊಡಲಿ. ಮೂಲಪ್ರತಿ ಮಾತ್ರ ಮುಟ್ಟದೆ ಉಳಿಯಲಿ. ಮೇಲೆ ಹೇಳಿದ ಪದರಗಳು ಇದಕ್ಕೆ ಒದಗಿಬರುತ್ತವೆ: ಮೂಲ ಕೆಳಗಿರುತ್ತದೆ, ತಿದ್ದುಪಡಿ ಮೇಲಿರುತ್ತದೆ, ಬೇಡವೆಂದಾಗ ತೆಗೆಯಬಹುದು. ಪೆನ್ಸಿಲ್ ಹಿಡಿದವನಿಗೂ ಇಷ್ಟು ಸೌಕರ್ಯ ಇರಲಿಲ್ಲ.

ಈ ಮಾತಿಗೆ ಇಂದು ಹೆಚ್ಚಿನ ತುರ್ತು ಬಂದಿದೆ. 2023ರಿಂದ ಇದೇ ತಂತ್ರಾಂಶದಲ್ಲಿ, ಬೇಕಾದುದನ್ನು ಮಾತಿನಲ್ಲಿ ಬರೆದರೆ ಸಾಕು, ಇಲ್ಲದ ಮರವನ್ನೂ ಮನುಷ್ಯನನ್ನೂ ಯಂತ್ರವೇ ಚಿತ್ರದೊಳಗೆ ತುಂಬಿಕೊಡುತ್ತದೆ. ಚಿತ್ರದ ಹುಟ್ಟನ್ನೂ ಅದಕ್ಕೆ ಮಾಡಿದ ತಿದ್ದುಪಡಿಗಳನ್ನೂ ಚಿತ್ರದ ಜೊತೆಯಲ್ಲೇ ದಾಖಲಿಸಿಡುವ ಪ್ರಯತ್ನವೊಂದನ್ನು ಕೆಲವು ಸಂಸ್ಥೆಗಳು 2019ರಿಂದ ಕೈಗೊಂಡಿವೆ. ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಮ್ಮ ಹೆಸರನ್ನೂ ಬರೆದು ಮುಗಿಸಿದ ತಿಥಿಯನ್ನೂ ನಮೂದಿಸುತ್ತಿದ್ದರು; ತಪ್ಪಿದ್ದರೆ ತಿದ್ದಿಕೊಂಡು ಓದಿರೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದರು. ಅವರಲ್ಲಿ ಅನೇಕರಿಗೆ ದೊಡ್ಡ ವಿದ್ವತ್ತು ಇರಲಿಲ್ಲ. ಆದರೂ ಈ ಪ್ರತಿಯ ಹಿಂದೆ ಒಂದು ಕೈಯಿದೆ, ಅದು ಇಂಥವನದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಮನೆಗಳ ಹಳೆಯ ಚಿತ್ರಗಳನ್ನು ಮಕ್ಕಳು ಗಣಕದಲ್ಲಿ ಚೊಕ್ಕಗೊಳಿಸುವಾಗ ಇಷ್ಟನ್ನು ನಾವು ಅವರಿಂದ ಕೇಳೋಣ: ಹಳೆಯ ಪ್ರತಿಯನ್ನು ಎಸೆಯಬೇಡಿ, ಹೊಸದರ ಬೆನ್ನಿಗೆ, ಯಾರು, ಎಂದು, ಏನನ್ನು ತಿದ್ದಿದಿರೆಂದು ಒಂದು ಸಾಲು ಬರೆದಿಡಿ. ಮುಂದೆ ಆ ಮುಖವನ್ನು ನೋಡುವವರಿಗೆ ಅಜ್ಜಿಯ ಹಣೆಯ ಗೆರೆ ಯಾವುದು, ಮೊಮ್ಮಗನ ಕುಂಚದ ಗೆರೆ ಯಾವುದು ಎಂಬುದು ತಿಳಿಯಲಿ.