ಮಕ್ಕಳ ಮುಂದೆ ಚೋಮ

ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಪ್ರಕಟವಾದುದು 1933ರಲ್ಲಿ. ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ಚಲನಚಿತ್ರವಾದುದು 1975ರಲ್ಲಿ. ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ಸ್ವರ್ಣಕಮಲ ಅದಕ್ಕೆ ಸಂದಿತು; ಚೋಮನ ಪಾತ್ರ ವಹಿಸಿದ ಎಂ. ವಿ. ವಾಸುದೇವರಾವ್ ಅತ್ಯುತ್ತಮ ನಟರೆನಿಸಿದರು. ಇಷ್ಟು ಮನ್ನಣೆ ಪಡೆದ ಚಿತ್ರವನ್ನು ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸೋಣವೆ ಎಂದು ಕೇಳಿದರೆ, ಮಾಸ್ತರರೂ ಪಾಲಕರೂ ಕ್ಷಣಕಾಲ ಸುಮ್ಮನಾಗುತ್ತಾರೆ. ಈ ಮೌನಕ್ಕೆ ಕಾರಣವಿದೆ. ಅದನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಚೋಮ ಅಸ್ಪೃಶ್ಯ, ಸಂಕಪ್ಪಯ್ಯನೆಂಬ ಒಡೆಯನ ಮನೆಯ ಆಳು. ತನ್ನದೇ ಆದ ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬುದು ಅವನ ಒಂದೇ ಆಸೆ. ಹುಟ್ಟಿದ ಜಾತಿಯೇ ಅದಕ್ಕೆ ಅಡ್ಡಿ. ಸಾಲ ತೀರಿಸಲೆಂದು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಮತಾಂತರ ಹೊಂದಿ ದೂರವಾಗುತ್ತಾನೆ. ಮಗಳು ಬೆಳ್ಳಿ ತೋಟದಲ್ಲಿ ಗಂಡಸರ ಕಣ್ಣಿಗೆ ಬೀಳುತ್ತಾಳೆ. ಕಿರಿಯ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದ ಮೇಲಿದ್ದವರು ಮೈಲಿಗೆಗೆ ಅಂಜಿ ಕೈ ನೀಡುವುದಿಲ್ಲ. ಕಡೆಗೆ ಚೋಮ ಗುಡಿಸಲ ಬಾಗಿಲು ಮುಚ್ಚಿಕೊಂಡು ಪ್ರಾಣ ಹೋಗುವವರೆಗೆ ದುಡಿ ಬಾರಿಸುತ್ತಾನೆ. ಸಾವು, ಹೆಣ್ಣಿನ ಶೋಷಣೆ, ಪರಿಹಾರವಿಲ್ಲದ ಕೊನೆ, ಈ ಮೂರನ್ನೂ ಎಳೆಯರ ಮುಂದೆ ಇಡಬಹುದೆ?

ಈ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಬರೆದ 'ಟು ಕಿಲ್ ಎ ಮಾಕಿಂಗ್ ಬರ್ಡ್' ಕಾದಂಬರಿ 1962ರಲ್ಲಿ ಚಿತ್ರವಾಯಿತು. ಮಾಡದ ಅತ್ಯಾಚಾರದ ಆರೋಪ ಹೊತ್ತ ಕರಿಯನೊಬ್ಬನ ಪರವಾಗಿ ವಾದಿಸುವ ಬಿಳಿಯ ವಕೀಲನ ಕತೆ ಅದು. ಹೇಳುವವಳು ಅವನ ಪುಟ್ಟ ಮಗಳು. ಮಗುವಿನ ಕಣ್ಣಿನಿಂದ ಕಂಡ ಆ ಕತೆಯನ್ನೇ 1966ರಲ್ಲಿ ವರ್ಜೀನಿಯಾ ರಾಜ್ಯದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಅನೈತಿಕವೆಂದು ತನ್ನ ಶಾಲೆಗಳಿಂದ ಹೊರಗಿಡಲು ಮುಂದಾಯಿತು. ಊರಿನಲ್ಲಿ ವರ್ಣಭೇದ ಇದ್ದದ್ದು ಮಂಡಳಿಗೆ ಅನೈತಿಕವಾಗಿ ತೋರಲಿಲ್ಲ. ಅದನ್ನು ಹೇಳಿದ ಪುಸ್ತಕ ತೋರಿತು. ಹಿರಿಯರ ಅಂಜಿಕೆ ಎಷ್ಟೋ ವೇಳೆ ಮಕ್ಕಳಿಗಾಗಿ ಅಲ್ಲ, ತಮಗಾಗಿಯೇ ಇರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮಲ್ಲಿಯೂ ಹೀಗಾಯಿತು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮರೆಡ್ಡಿಯವರು 1970ರಲ್ಲಿ ತೆಗೆದ 'ಸಂಸ್ಕಾರ' ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿಯಿತು. ಕೇಂದ್ರ ಸರ್ಕಾರ ಆ ತಡೆಯನ್ನು ತೆಗೆದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುನ್ನತ ಪ್ರಶಸ್ತಿ ಬಂದಿತು. ಅದೇ ವರ್ಷ ಕೆ. ಎ. ಅಬ್ಬಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೆನ್ಸಾರನ್ನೂ, ವಯಸ್ಸಿಗೆ ತಕ್ಕ ವರ್ಗೀಕರಣವನ್ನೂ ಎತ್ತಿಹಿಡಿಯಿತು. ಆದರೆ ಜೊತೆಗೊಂದು ವಿವೇಕದ ಮಾತನ್ನೂ ಹೇಳಿತು. ಕತ್ತರಿಯನ್ನು ಕರೆಯಬೇಕಾದುದು ವಸ್ತುವಲ್ಲ, ಆ ವಸ್ತುವನ್ನು ನಿರ್ವಹಿಸಿದ ರೀತಿ ಎಂಬುದು ಅದರ ತಾತ್ಪರ್ಯ. 1952ರ ಕಾಯಿದೆಯ ಕಾಲದಲ್ಲಿ ಎಲ್ಲರೂ ನೋಡಬಹುದಾದವು, ವಯಸ್ಕರು ಮಾತ್ರ ನೋಡಬಹುದಾದವು ಎಂಬ ಎರಡೇ ಮುಖ್ಯ ವರ್ಗಗಳಿದ್ದವು. 1983ರಲ್ಲಿ ಪಾಲಕರ ಮಾರ್ಗದರ್ಶನದ ವರ್ಗ ಸೇರಿತು. 2023ರ ತಿದ್ದುಪಡಿ ಅದನ್ನು 7, 13, 16 ವರ್ಷಗಳೆಂದು ಮತ್ತೆ ಮೂರಾಗಿ ಒಡೆಯಿತು. ಮಗುವಿನ ವಯಸ್ಸನ್ನು ಕಾಯಿದೆ ಅಳೆಯಬಲ್ಲುದು. ಮಗು ಯಾವ ಓಣಿಯಿಂದ ಬಂದಿದೆಯೆಂಬುದನ್ನು ಅದು ಕೇಳುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

1975 ನಮ್ಮ ಜಿಲ್ಲೆಗೆ ಇನ್ನೊಂದು ರೀತಿಯಲ್ಲಿಯೂ ನೆನಪಿಡಬೇಕಾದ ವರ್ಷ. ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಹಿರಿಯರಿಗೆ. ಬೆಂಗಳೂರಿನ ಬಹುಪಾಲು ಮಕ್ಕಳು ದೂರದರ್ಶನ ಕಾಣುವ ಮೊದಲೇ ನಮ್ಮ ಕಡೆಯ ಹಳ್ಳಿಯ ಮಕ್ಕಳು ಕಂಡರು. ಮಕ್ಕಳಿಗೆ ಏನು ತೋರಿಸಬೇಕು ಎಂಬ ವಿಚಾರ ಈ ಕರಿಮಣ್ಣಿಗೆ ಹೊಸದಲ್ಲವೆಂದು ಹೇಳಲು ಇಷ್ಟು ನೆನೆದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆಯೂ ಹೊರಬಿದ್ದಿತು. ಚೋಮನ ಸಾಲದ ಕತೆ ತೆರೆಗೆ ಬಂದ ವರ್ಷವೇ ಆ ಸಾಲದ ಕೊರಳುಹಗ್ಗವನ್ನು ಕಾನೂನು ಕತ್ತರಿಸಿತು. ಕಾಗದದ ಮೇಲೆ ಕತ್ತರಿಸಿದ ಹಗ್ಗ ಕೊರಳಿನಿಂದ ಬೀಳಲು ತಡವಾಯಿತೆಂಬುದು ಬೇರೆ ಮಾತು.

ಇನ್ನು ಮಕ್ಕಳು ಇಂಥ ದಾರುಣವನ್ನು ತಾಳಲಾರರು ಎಂಬ ಆಕ್ಷೇಪ. ಆಳಂದದಿಂದ ಈಶಾನ್ಯಕ್ಕಿರುವ ಬಸವಕಲ್ಯಾಣ ನಮಗೆ ದೂರವಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದ ಕತೆಯನ್ನು, ಅದಕ್ಕಾಗಿ ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದುದನ್ನು ಈ ಸೀಮೆಯ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಅದಕ್ಕಿಂತ ದಾರುಣವಾದುದು ಚೋಮನ ಕತೆಯಲ್ಲಿ ಏನಿದೆ? ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರು ಜಾತಿಯ ಹಮ್ಮನ್ನು ತಮ್ಮ ತತ್ವಪದಗಳಲ್ಲಿ ಕಟುವಾಗಿ ಹೀಗಳೆದರು. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಒಬ್ಬರು. ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಆ ಭಜನೆಗಳಿಂದ ಮಕ್ಕಳನ್ನು ಯಾರೂ ಎಬ್ಬಿಸಿ ಕಳುಹಿಸಲಿಲ್ಲ.

ಆದರೆ ಪರಂಪರೆಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದೂ ನಾನು ಹೇಳುವುದಿಲ್ಲ. ಆಳಂದೆಯವರೇ ಆದ ಏಕಾಂತದ ರಾಮಯ್ಯನವರು ಅಬ್ಬಲೂರಿನಲ್ಲಿ ಜೈನರೊಡನೆ ಪಣ ಕಟ್ಟಿ, ತಲೆಯನ್ನು ಕತ್ತರಿಸಿ ಶಿವನಿಗೊಪ್ಪಿಸಿ ಮರಳಿ ಪಡೆದ ಕತೆ ಶಾಸನದಲ್ಲಿದೆ, ಹರಿಹರನ ರಗಳೆಯಲ್ಲಿದೆ. ಅದನ್ನು ಕೇಳುವ ಮಗು ರಕ್ತ ಕಂಡು ಹೆದರುವುದಿಲ್ಲ. ಅದಕ್ಕೆ ಅದು ಪವಾಡ. ಅಲ್ಲಿ ಎಚ್ಚರ ವಹಿಸಬೇಕಾದುದು ತಲೆಯ ವಿಷಯದಲ್ಲಲ್ಲ, ಎದುರು ಪಕ್ಷದವರ ಬಗ್ಗೆ ಹೇಳುವವನ ದನಿಯಲ್ಲಿ ತುಂಬಿಕೊಳ್ಳುವ ತಾತ್ಸಾರದ ವಿಷಯದಲ್ಲಿ. ಮಗುವನ್ನು ಕೆಡಿಸುವುದು ಅದು ಕಂಡ ದುಃಖವಲ್ಲ, ಅರಿಯದೆ ಕಲಿತ ತಿರಸ್ಕಾರ. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ 'ಚೋಮನ ದುಡಿ' ಶುದ್ಧ ಚಿನ್ನ. ಕಾದಂಬರಿಯ ಸಂಕಪ್ಪಯ್ಯ ಕ್ರೂರಿಯಲ್ಲ; ಚೋಮನಿಗೆ ಭೂಮಿ ಕೊಡಲು ಅವನ ಮನಸ್ಸು ಒಮ್ಮೆ ಒಲಿಯುತ್ತದೆ, ತಾಯಿ ಸಂಪ್ರದಾಯದ ಹೆಸರಿನಲ್ಲಿ ತಡೆಯುತ್ತಾಳೆ. ಅನ್ಯಾಯ ರಾಕ್ಷಸರಿಂದಲೇ ಆಗಬೇಕಿಲ್ಲ, ಮಮತೆಯ ಮನೆಗಳಲ್ಲಿಯೂ ಅದು ವಾಸಿಸುತ್ತದೆ ಎಂಬ ಅರಿವು ಹದಿಮೂರರ ಮಗುವಿಗೆ ಬೇಡವೆ?

ಈಗ ಓಣಿಯ ಮಾತು. ನಾವು 'ಮಕ್ಕಳು' ಎನ್ನುವಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಾಮಾನ್ಯವಾಗಿ ಮೇಲಿನ ಓಣಿಯ ಮಗು. ಅದಕ್ಕೆ ನೋವಾದೀತೆ ಎಂಬುದು ನಮ್ಮ ಚಿಂತೆ. ಆದರೆ ಅದೇ ಕೋಣೆಯಲ್ಲಿ ದಲಿತರ ಮಗುವೂ ಕುಳಿತಿರುತ್ತದೆ. ಅಂಬೇಡ್ಕರರು 1901ರಲ್ಲಿ ಸಾತಾರಾದಿಂದ ತಂದೆಯಿದ್ದ ಊರಿಗೆ ಹೊರಟಾಗ ಅವರಿಗೆ ಸುಮಾರು ಒಂಬತ್ತು ವರ್ಷ. ಜಾತಿ ತಿಳಿದ ಮೇಲೆ ಗಾಡಿಯವರು ಬರಲೊಪ್ಪಲಿಲ್ಲ. ಹುಡುಗರೇ ಗಾಡಿ ಹೊಡೆಯಬೇಕು, ಬಾಡಿಗೆ ಇಮ್ಮಡಿ ಕೊಡಬೇಕು ಎಂಬ ಕರಾರಿನ ಮೇಲೆ ಒಬ್ಬ ಒಪ್ಪಿದ. ಬುತ್ತಿಯಿದ್ದರೂ ಕುಡಿಯಲು ನೀರು ಸಿಗದೆ ಅವರು ಆ ರಾತ್ರಿ ಹಸಿದೇ ಕಳೆದರು. ಆ ಒಂಬತ್ತರ ಬಾಲಕನಿಗೆ ಇದನ್ನು ತೋರಿಸಬಹುದೆ ಎಂದು ಯಾವ ಮಂಡಳಿಯೂ ಯೋಚಿಸಲಿಲ್ಲ. ಅನುಭವಿಸುವ ಮಗುವಿಗೆ ವಯಸ್ಸಿನ ಮಿತಿ ಇಲ್ಲ. ನೋಡುವ ಮಗುವಿಗೆ ಮಾತ್ರ ಇದೆ.

ಆದುದರಿಂದ ನನ್ನ ನಿಜವಾದ ಹಿಂಜರಿಕೆ ಇರುವುದು ಇಲ್ಲಿ. ಚಿತ್ರ ಮುಗಿದೊಡನೆ ಉಳಿದ ಮಕ್ಕಳ ಕಣ್ಣುಗಳೆಲ್ಲ ಆ ಒಂದು ಮಗುವಿನ ಕಡೆ ಹೊರಳಿದರೆ? ಮರುದಿನ ಆಟದ ಬಯಲಿನಲ್ಲಿ 'ಚೋಮ' ಎಂಬುದು ಅಡ್ಡಹೆಸರಾದರೆ? ಸಾಲ, ಗುಳೆ, ತಂದೆಯ ಹಲಗೆಯ ಸದ್ದು ಇವೆಲ್ಲ ಮನೆಯಲ್ಲಿಯೇ ಇರುವ ಮಗುವಿಗೆ ಆ ಚಿತ್ರ ಕತೆಯಲ್ಲ, ಬಯಲಾದ ಗುಟ್ಟು. ಮರುಕವೂ ಒಂದು ಬಗೆಯ ದೂರವೇ.

ಹಾಗಾದರೆ ತೋರಿಸಬಾರದೆ? ತೋರಿಸಬೇಕೆಂದೇ ನನ್ನ ಅಭಿಪ್ರಾಯ, ಕ್ರಮವರಿತು ತೋರಿಸಬೇಕು. ಹತ್ತರ ಒಳಗಿನವರಿಗೆ ಅಂಬೇಡ್ಕರರ ಆ ಗಾಡಿಯ ಪ್ರಯಾಣವನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಹದಿಮೂರು ದಾಟಿದವರಿಗೆ ಚಿತ್ರವನ್ನು ಪೂರ್ತಿಯಾಗಿ ತೋರಿಸಲಿ. ಬೆಳ್ಳಿಯ ಭಾಗವನ್ನು ಕತ್ತರಿಸಿದರೆ ಚೋಮನ ಕೊನೆಯೇ ಅರ್ಥವಾಗದು. ತೋರಿಸುವ ಮಾಸ್ತರರು ಕಾದಂಬರಿಯನ್ನು ಮೊದಲು ಓದಿರಲಿ. ಮುಗಿದ ಮೇಲೆ, ನಿನಗೆ ಹೇಗನಿಸಿತು ಎಂದು ದಲಿತ ಮಗುವನ್ನು ಎಬ್ಬಿಸಿ ನಿಲ್ಲಿಸಬಾರದು. ನೀಲ ಮುಳುಗುವಾಗ ದಡದ ಮೇಲೆ ನಿಂತವರ ಬಗ್ಗೆ ಇಡೀ ತರಗತಿಯನ್ನು ಕೇಳಬೇಕು, ಏಕೆಂದರೆ ಪರೀಕ್ಷೆ ಆ ದಡದ್ದು. ಸೋತ ಚೋಮನೊಬ್ಬನನ್ನೇ ಕೊಟ್ಟು ಕೈತೊಳೆದುಕೊಳ್ಳಲೂ ಬಾರದು. ನಮ್ಮ ನೆರೆಯ ಮುದ್ದೇಬಿಹಾಳ ಸೀಮೆಯಿಂದ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಂತಹ, ಎದ್ದು ನಿಂತವರ ಆತ್ಮಕಥನವೂ ಅದರ ಬೆನ್ನಿಗೇ ಬರಬೇಕು.

ಇದಕ್ಕೂ ಮೊದಲು ಶಾಲೆ ಮಾಡಿಕೊಳ್ಳಬೇಕಾದ ಸಿದ್ಧತೆಯೊಂದಿದೆ. ಕುಡಿಯುವ ನೀರಿನ ಕೊಡವನ್ನು ಎಲ್ಲ ಮಕ್ಕಳೂ ಮುಟ್ಟುತ್ತಾರೆಯೆ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆಯೆ ಎಂಬುದನ್ನು ಅದು ನೋಡಿಕೊಳ್ಳಲಿ. ಕೂರದ ಶಾಲೆಯಲ್ಲಿ ಚಿತ್ರಕ್ಕಿಂತ ಮೊದಲು ಊಟದ ಸಾಲನ್ನು ಸರಿಪಡಿಸಬೇಕು. ಕೂರುವ ಶಾಲೆಯ ಮಕ್ಕಳು ಚೋಮನ ದುಡಿಯನ್ನು ಧಾರಾಳವಾಗಿ ಕೇಳಲಿ.